ಉಚಿತ ಟ್ರಯಲ್‌ಗೆ ಮಿತಿ: ಎಲ್ಲಿ ಹಾಕಬೇಕು, ಹೇಗೆ ಹಾಕಬೇಕು

ಮನೆಮನೆಗೆ ಹಾಲು ಹಾಕುವವರಿಗೆ ಲೆಕ್ಕ ಇಟ್ಟುಕೊಡುವ ಒಂದು ಆ್ಯಪ್ ಮಾಡಿದ್ದೀರಿ ಎಂದುಕೊಳ್ಳಿ. ಅರವತ್ತು ವರ್ತನೆ ಮನೆ. ಒಂದು ಮನೆಗೆ ಅರ್ಧ ಲೀಟರ್, ಇನ್ನೊಂದಕ್ಕೆ ಒಂದೂವರೆ. ಊರಿಗೆ ಹೋದವರಿಗೆ ನಾಲ್ಕು ದಿನ ಬೇಡ, ಹಬ್ಬದ ಹಿಂದಿನ ದಿನ ಮತ್ತೊಬ್ಬರಿಗೆ ಒಂದು ಲೀಟರ್ ಜಾಸ್ತಿ. ತಿಂಗಳು ಮುಗಿದ ಕೂಡಲೇ ಆ್ಯಪ್ ಅರವತ್ತೂ ಬಿಲ್ ಲೆಕ್ಕ ಹಾಕಿ ವಾಟ್ಸ್‌ಆ್ಯಪ್‌ನಲ್ಲಿ ಕಳಿಸುತ್ತದೆ. ಬೆಲೆ ವರ್ಷಕ್ಕೆ 999 ರೂಪಾಯಿ, ಮೊದಲ 14 ದಿನ ಉಚಿತ. ಹಾಲಿನವರು ಜೂನ್ 5ಕ್ಕೆ ಆ್ಯಪ್ ಹಾಕಿಕೊಳ್ಳುತ್ತಾರೆ, ಎರಡು ಸಂಜೆ ಕೂತು ಅರವತ್ತು ಮನೆಯ ಹೆಸರು, ನಂಬರು, ಅಳತೆ ತುಂಬಿಸುತ್ತಾರೆ, ದಿನಾ ಬೆಳಗ್ಗೆ ಗುರುತು ಹಾಕುತ್ತಾರೆ. 19ಕ್ಕೆ ಟ್ರಯಲ್ ಮುಗಿಯುತ್ತದೆ. ಬಿಲ್ ಬರಬೇಕಾದದ್ದು ಜುಲೈ 1ಕ್ಕೆ. ಹದಿನಾಲ್ಕು ದಿನ ಅವರು ಆ್ಯಪ್‌ಗಾಗಿ ದುಡಿದರು. ಆ್ಯಪ್ ಅವರಿಗಾಗಿ ಒಂದು ಕೆಲಸವನ್ನೂ ಮಾಡಿಕೊಡಲಿಲ್ಲ.

30 ದಿನ ಕೊಟ್ಟರೆ ಸರಿಹೋಗುತ್ತದೆ ಅನ್ನಿಸಬಹುದು. ಆಗ ಟ್ರಯಲ್ ಜುಲೈ 4ರವರೆಗೆ ಇರುತ್ತದೆ, ಒಂದು ಬಿಲ್ ಸಿಗುತ್ತದೆ. ಆದರೆ ಅದು ಅರೆಬರೆ ತಿಂಗಳ ಬಿಲ್. ಜೂನ್ ಮೊದಲ ನಾಲ್ಕು ದಿನದ ಹಾಲನ್ನು ಹಳೆಯ ನೋಟ್‌ಬುಕ್ ನೋಡಿ ಕೈಯಲ್ಲೇ ಸೇರಿಸಬೇಕು. ಈ ಲೆಕ್ಕವನ್ನು ನಂಬಬಹುದು ಎಂದು ಅವರಿಗೆ ಗಟ್ಟಿಯಾಗುವುದು ಜುಲೈ ಪೂರ್ತಿ ನಡೆದು ಆಗಸ್ಟ್ 1ಕ್ಕೆ ಬಿಲ್ ಹೋಗಿ, ಮನೆಯವರು ತಕರಾರಿಲ್ಲದೆ ದುಡ್ಡು ಕೊಟ್ಟಾಗ. ಇಲ್ಲಿ ಅಳೆಯಬೇಕಾದದ್ದು ಬಿಲ್ಲನ್ನು. ದಿನ ಎಣಿಸಿದ್ದರಿಂದಲೇ ಎಡವಟ್ಟಾಯಿತು.

ಹಾಗಾಗಿ ಮಿತಿ ಆರಿಸುವ ಮೊದಲು ಒಂದು ಪ್ರಶ್ನೆಗೆ ಉತ್ತರ ಬೇಕು: ಈ ಆ್ಯಪ್‌ನ ಮೊದಲ ನಿಜವಾದ ಲಾಭ ಬಳಸುವವರ ಕೈಗೆ ಯಾವ ಗಳಿಗೆಯಲ್ಲಿ ಸಿಗುತ್ತದೆ? ಮಿತಿ ಆ ಗಳಿಗೆಯ ಆಚೆ ಇರಬೇಕು, ಆದರೆ ತೀರಾ ದೂರ ಇರಬಾರದು. ಫೋಟೋದ ಹಿನ್ನೆಲೆ ಅಳಿಸುವ ಆ್ಯಪ್‌ನಲ್ಲಿ ಆ ಗಳಿಗೆ ಐದು ನಿಮಿಷದಲ್ಲಿ ಬರುತ್ತದೆ, ಹಾಲಿನ ಲೆಕ್ಕದಲ್ಲಿ ಎರಡು ತಿಂಗಳಿಗೆ. ಎರಡಕ್ಕೂ ಒಂದೇ 14 ದಿನ ಹೊಂದಲು ಸಾಧ್ಯವೇ ಇಲ್ಲ.

ದಿನ ಎಣಿಸುವುದು

ದಿನದ ಮಿತಿ ಎಲ್ಲರಿಗೂ ಅರ್ಥವಾಗುತ್ತದೆ, ಮಾಡುವುದೂ ಸುಲಭ. ವಾರಕ್ಕೆ ನಾಲ್ಕೈದು ದಿನ ಬಳಸುವ ಆ್ಯಪ್‌ಗೆ ಇದೇ ಸಾಕು. ತೊಂದರೆ ಬರುವುದು ಕೆಲಸಕ್ಕೆ ಸೀಸನ್ ಇದ್ದಾಗ. ಮದುವೆ ಫೋಟೋಗ್ರಾಫರ್‌ಗಳ ಆ್ಯಪನ್ನು ಒಬ್ಬರು ಆಷಾಢದಲ್ಲಿ ಹಾಕಿಕೊಂಡರೆ ಅವರ ಹದಿನಾಲ್ಕು ದಿನ ಒಂದು ಮದುವೆಯೂ ಇಲ್ಲದೆ ಕಳೆದುಹೋಗುತ್ತದೆ.

ಇಂಥ ಕಡೆ ಬಳಸಿದ ದಿನಗಳನ್ನು ಮಾತ್ರ ಎಣಿಸಿ. ಆ್ಯಪ್ ತೆರೆದದ್ದನ್ನೇ ಬಳಕೆ ಎಂದು ಹಿಡಿಯಬೇಡಿ; ನೋಟಿಫಿಕೇಷನ್ ಮೇಲೆ ಬೆರಳು ತಾಗಿದರೂ ಆ್ಯಪ್ ತೆರೆದುಕೊಳ್ಳುತ್ತದೆ. ಒಂದು ಮುಖ್ಯ ಕೆಲಸ ನಡೆದ ದಿನವನ್ನಷ್ಟೇ ಲೆಕ್ಕಕ್ಕೆ ತೆಗೆದುಕೊಳ್ಳಿ: ಒಂದು ಆಲ್ಬಮ್ ಮಾಡಿದ್ದು, ಒಂದು ಬಿಲ್ ಕಳಿಸಿದ್ದು. ಹಾಗೆಂದು ಕೊನೆಯಿಲ್ಲದೆ ಬಿಡಲೂ ಆಗದು. ಬಳಸಿದ 15 ದಿನ ಅಥವಾ ಕ್ಯಾಲೆಂಡರ್‌ನ 90 ದಿನ, ಯಾವುದು ಮೊದಲೋ ಅದು ಎಂದು ಹೊರಗಿನ ಗಡಿಯನ್ನೂ ಇಟ್ಟುಬಿಡಿ.

ಸಂಖ್ಯೆ ಎಣಿಸುವುದು

ಇಲ್ಲಿ ಏನನ್ನು ಎಣಿಸುತ್ತೀರಿ ಎಂಬುದರ ಮೇಲೆ ಎಲ್ಲವೂ ನಿಂತಿದೆ. ಕಚೇರಿ ತಂಡಗಳು ಸಂದೇಶ ಕಳಿಸಿಕೊಳ್ಳುವ ಆ್ಯಪ್ ಸ್ಲ್ಯಾಕ್ ಬಹಳ ಕಾಲ ಉಚಿತ ತಂಡಗಳಿಗೆ ಇತ್ತೀಚಿನ 10,000 ಸಂದೇಶಗಳನ್ನು ಮಾತ್ರ ತೋರಿಸುತ್ತಿತ್ತು. ಮೂರು ಜನರ ತಂಡಕ್ಕೆ ಅದು ವರ್ಷಗಟ್ಟಲೆ ಸಾಕು, ಐವತ್ತು ಜನರ ತಂಡಕ್ಕೆ ಕೆಲವೇ ವಾರ. ಗೋಡೆ ಯಾವಾಗ ಎದುರಾಗುತ್ತದೆ ಎಂದು ಯಾವ ತಂಡಕ್ಕೂ ಮೊದಲೇ ಅಂದಾಜು ಸಿಗುವುದಿಲ್ಲ. 2022ರ ಸೆಪ್ಟೆಂಬರ್ 1ರಿಂದ ಅದನ್ನು ಬಿಟ್ಟು 90 ದಿನಗಳ ಇತಿಹಾಸ ಎಂದು ಮಾಡಿದರು. ಇದನ್ನು ಯಾರು ಬೇಕಾದರೂ ಒಂದೇ ವಾಕ್ಯದಲ್ಲಿ ಹೇಳಬಹುದು.

ನಮ್ಮ ಹಾಲಿನ ಆ್ಯಪ್‌ನಲ್ಲಿ ಮನೆಗಳನ್ನು ಎಣಿಸಿ, ಟ್ರಯಲ್‌ಗೆ ಹತ್ತು ಮನೆ ಎಂದರೆ ಏನಾಗುತ್ತದೆ? ಹತ್ತು ಮನೆ ಆ್ಯಪ್‌ನಲ್ಲಿ, ಐವತ್ತು ನೋಟ್‌ಬುಕ್‌ನಲ್ಲಿ. ಬೆಳಗಿನ ಜಾವ ಸೈಕಲ್ ಮೇಲೆ ಹೋಗುವವರು ಎರಡು ಕಡೆ ಬರೆಯುವುದಿಲ್ಲ, ಮೂರನೇ ದಿನಕ್ಕೇ ಆ್ಯಪ್ ಬಿಡುತ್ತಾರೆ. ಮನೆಗಳನ್ನು ತುಂಬಿಸುವುದು ತಯಾರಿ, ಬಿಲ್ ಕಳಿಸುವುದು ಫಲ. ತಯಾರಿಗೆ ಮಿತಿ ಹಾಕಿದರೆ ಫಲದವರೆಗೆ ಯಾರೂ ಬರುವುದಿಲ್ಲ.

ಎಣಿಕೆಯಲ್ಲಿ ಇನ್ನೊಂದು ಗುಂಡಿ ಇದೆ. ಸದ್ಯ ಇರುವ ದಾಖಲೆಗಳನ್ನು ಎಣಿಸಿದರೆ ಜನ ಹಳೆಯದನ್ನು ಅಳಿಸಿ ಅಳಿಸಿ ಮುಂದುವರಿಸುತ್ತಾರೆ. ಒಟ್ಟು ಮಾಡಿದ್ದನ್ನು ಎಣಿಸಿದರೆ ತಪ್ಪಾಗಿ ಮಾಡಿ ಅಳಿಸಿದ್ದೂ ಲೆಕ್ಕಕ್ಕೆ ಸೇರಿ ಬೇಸರ ತರಿಸುತ್ತದೆ. ಎರಡಕ್ಕೂ ಮದ್ದು: ಕೆಲಸ ಪೂರ್ತಿಯಾದಾಗ ಮಾತ್ರ ಎಣಿಸಿ, ಅದೇ ಕೆಲಸವನ್ನು ತಿದ್ದಿ ಮತ್ತೆ ಮಾಡಿದರೆ ಎಣಿಸಬೇಡಿ. ಜೂನ್ ಬಿಲ್ಲನ್ನು ಮೂರು ಸಲ ತಿದ್ದಿ ಕಳಿಸಿದರೂ ಅದು ಒಂದೇ ತಿಂಗಳು.

ಫೀಚರ್, ವಾಟರ್‌ಮಾರ್ಕ್, ನೆನಪೋಲೆ

ಫೀಚರ್‌ಗೆ ಬೀಗ ಹಾಕುವಾಗ ಜನ ಯಾವ ಕಾರಣಕ್ಕೆ ಆ್ಯಪ್ ಇಳಿಸಿಕೊಂಡರೋ ಅದಕ್ಕೇ ಹಾಕಬೇಡಿ. ಬ್ಯಾಕಪ್‌ಗೂ ಬೇಡ: ಫೋನ್ ನೀರಿಗೆ ಬಿದ್ದು ಲೆಕ್ಕ ಹೋಯಿತೆಂದರೆ ಟ್ರಯಲ್ ಆವೃತ್ತಿ ಎಂಬ ಸಮಜಾಯಿಷಿ ಯಾರೂ ಕೇಳುವುದಿಲ್ಲ, ಬರುವುದು ಒಂದು ಸ್ಟಾರ್ ಮಾತ್ರ. ಎರಡನೇ ಫೋನ್, ಕೆಲಸದ ಹುಡುಗರಿಗೆ ಬೇರೆ ಲಾಗಿನ್, ವರ್ಷದ ವರದಿ ಇಂಥವು ಬೀಗಕ್ಕೆ ಸೂಕ್ತ. ವ್ಯವಹಾರ ಬೆಳೆದವರಿಗೇ ಅವು ಬೇಕಾಗುವುದು, ಅವರ ಬಳಿ ಕೊಡಲು ಹಣವೂ ಇರುತ್ತದೆ.

ಈ ಬಗೆಯ ಯೋಚನೆಗೆ ನಮ್ಮ ಕಣ್ಣೆದುರೇ ಒಂದು ಒಳ್ಳೆಯ ಉದಾಹರಣೆ ಇದೆ. ಬೆಂಗಳೂರಿನ ಲೆಕ್ಕಪತ್ರದ ಸಾಫ್ಟ್‌ವೇರ್ ಟ್ಯಾಲಿಯ ಎಜುಕೇಷನಲ್ ಮೋಡ್‌ನಲ್ಲಿ ತಿಂಗಳ 1, 2 ಮತ್ತು 31ನೇ ತಾರೀಖಿಗೆ ಮಾತ್ರ ವೋಚರ್ (ಒಂದೊಂದು ವ್ಯವಹಾರದ ದಾಖಲೆ) ಹಾಕಬಹುದು. ಕಲಿಯುವವರಿಗೆ ಇದರಿಂದ ತೊಂದರೆಯಿಲ್ಲ. ಲೆಡ್ಜರ್ ತೆರೆಯಬಹುದು, ಖರೀದಿ, ಮಾರಾಟ ಎಲ್ಲ ಬರೆದು ನೋಡಬಹುದು, ಬ್ಯಾಲೆನ್ಸ್ ಶೀಟ್ ತೆಗೆಯಬಹುದು. ಕಂಪ್ಯೂಟರ್ ಸೆಂಟರ್‌ಗಳಲ್ಲಿ ಟ್ಯಾಲಿ ಕಲಿಯುವ ಬಿ.ಕಾಂ. ಹುಡುಗ ಹುಡುಗಿಯರ ಅಭ್ಯಾಸದ ಎಂಟ್ರಿಗಳೆಲ್ಲ ಒಂದು, ಎರಡನೇ ತಾರೀಖಿನವೇ ಆಗಿರುವುದು ಇದಕ್ಕೇ. ಆದರೆ 17ನೇ ತಾರೀಖಿನ ಬಿಲ್ ಹಾಕಲಾಗದೆ ಯಾವ ಅಂಗಡಿಯೂ ನಡೆಯದು. ಕಲಿಕೆಯನ್ನು ಪೂರ್ತಿ ಬಿಟ್ಟು ವ್ಯಾಪಾರವನ್ನಷ್ಟೇ ತಡೆಯುವ ಗೆರೆ ಇದು. ಇಷ್ಟು ಸಣ್ಣ ನಿಯಮದಲ್ಲಿ ಇಷ್ಟು ಸ್ಪಷ್ಟವಾಗಿ ಗೆರೆ ಎಳೆದದ್ದು ಅಪರೂಪ.

ಒಳಗಿರುವುದನ್ನು ಭಾಗ ಮಾಡಿ ಒಂದು ಭಾಗವನ್ನು ಉಚಿತ ಕೊಡುವುದು ಇನ್ನೊಂದು ಹಳೆಯ ದಾರಿ. 1993ರ ಡಿಸೆಂಬರ್ 10ಕ್ಕೆ ಬಂದ ಡೂಮ್ ಆಟದ ಮೂರು ಭಾಗಗಳಲ್ಲಿ ಮೊದಲನೆಯದು ಪೂರ್ತಿ ಉಚಿತ, ಉಳಿದೆರಡಕ್ಕೆ ದುಡ್ಡು. ಒಳಗೆ ಬೀಗವಿಲ್ಲ, ಗಡಿಯಾರವಿಲ್ಲ. ಆಟ, ಪಾಠ, ಧ್ವನಿಪುಸ್ತಕಗಳಿಗೆ ಇದು ಈಗಲೂ ಹೊಂದುತ್ತದೆ. ಲೆಕ್ಕದ ಆ್ಯಪ್‌ಗೆ ಹೊಂದದು.

ವಾಟರ್‌ಮಾರ್ಕ್‌ನ ಜಾಗ ಕಣ್ಣಿಗೆ ಕಾಣುವ ಫಲ ಕೊಡುವ ಆ್ಯಪ್‌ಗಳಲ್ಲಿ: ವಿಡಿಯೋ, ಪೋಸ್ಟರ್, ಲಗ್ನಪತ್ರಿಕೆ. ಬಳಸುವವರು ಎಲ್ಲವನ್ನೂ ನೋಡುತ್ತಾರೆ, ಬಳಕೆಗೆ ಬೇಕಾದಾಗ ಕೊಳ್ಳುತ್ತಾರೆ. ಆದರೆ ಹಾಲಿನ ಬಿಲ್ ಮೇಲೆ ಅಡ್ಡಡ್ಡ ‘ಟ್ರಯಲ್’ ಎಂದು ಮುದ್ರೆ ಒತ್ತಿದರೆ ಹಾಲಿನವರಿಗೆ ವರ್ತನೆ ಮನೆಯವರ ಮುಂದೆ ಮುಜುಗರ. ಕೆಳಗೆ ಸಣ್ಣ ಅಕ್ಷರದಲ್ಲಿ ಆ್ಯಪ್‌ನ ಹೆಸರು ಇದ್ದರೆ ಯಾರೂ ಬೇಸರಿಸುವುದಿಲ್ಲ. ಸೇವ್ ಮಾಡಲು ಬಿಡದ ಟ್ರಯಲ್ ಇವೆಲ್ಲಕ್ಕಿಂತ ಕೆಟ್ಟದ್ದು. ಎರಡು ಗಂಟೆ ದುಡಿದ ಮೇಲೆ ಉಳಿಸಲಾಗದು ಎಂದು ತಿಳಿದವರು ವಾಪಸ್ ಬರುವುದಿಲ್ಲ.

ನೆನಪೋಲೆಯ, ಅಂದರೆ ತಡೆಯದೆ ಬರೀ ನೆನಪಿಸುವ ಮಿತಿಗೆ ಹೆಸರಾದದ್ದು ಫೈಲ್‌ಗಳನ್ನು ಕುಗ್ಗಿಸುವ ಸಾಫ್ಟ್‌ವೇರ್ ವಿನ್‌ರಾರ್. 40 ದಿನದ ಟ್ರಯಲ್ ಮುಗಿದ ಮೇಲೂ ಅದು ತೆರೆದುಕೊಳ್ಳುತ್ತದೆ, ಕೊಳ್ಳಿ ಎಂದು ಕೇಳುತ್ತದೆ ಅಷ್ಟೇ. ಕಚೇರಿಗಳು ಲೈಸೆನ್ಸ್ ಸರಿ ಇರಬೇಕೆಂದು ಕೊಳ್ಳುವ ಸಾಫ್ಟ್‌ವೇರ್‌ಗೆ ಇದು ನಡೆಯುತ್ತದೆ. ಒಂಟಿ ವ್ಯಾಪಾರಿಗಳಿಗೆ ಮಾರುವ ಆ್ಯಪ್‌ಗೆ ಇದನ್ನು ಆರಿಸಬೇಡಿ.

ಇವುಗಳನ್ನು ಬೆರೆಸುವ ಒಂದು ಬಗೆ ನಮಗೆ ಬಹಳ ಕಡೆ ಸರಿ ಎನಿಸುತ್ತದೆ: ಮೊದಲು ಎಲ್ಲವನ್ನೂ ಪೂರ್ತಿ ಕೊಟ್ಟು, ಅವಧಿ ಮುಗಿದ ಮೇಲೆ ಬಾಗಿಲು ಮುಚ್ಚದೆ ಚಿಕ್ಕ ಉಚಿತ ಆವೃತ್ತಿಗೆ ಇಳಿಸುವುದು. ಮ್ಯಾಕ್‌ನಲ್ಲಿ ಪಠ್ಯ ಬರೆದು ತಿದ್ದುವ ಬಿಬಿಎಡಿಟ್ 30 ದಿನ ಎಲ್ಲ ಫೀಚರ್ ಕೊಟ್ಟು ಆಮೇಲೆ ಕಡಿಮೆ ಫೀಚರ್‌ನೊಂದಿಗೆ ಉಚಿತವಾಗಿಯೇ ನಡೆಯುತ್ತದೆ. ಕೊಳ್ಳದವರೂ ಆ್ಯಪ್‌ನ ಒಳಗೇ ಉಳಿಯುತ್ತಾರೆ, ಆರು ತಿಂಗಳ ನಂತರ ಅಗತ್ಯ ಬಂದರೆ ಅಲ್ಲೇ ಕೊಳ್ಳುತ್ತಾರೆ.

ಹಾಲಿನ ಆ್ಯಪ್‌ಗೆ ಆಗ ತೀರ್ಮಾನ ಹೀಗಿರಬಹುದು. ಇನ್‌ಸ್ಟಾಲ್ ಮಾಡಿದ ಅರೆಬರೆ ತಿಂಗಳು ಲೆಕ್ಕಕ್ಕಿಲ್ಲ. ಅದರ ಮುಂದಿನ ಒಂದು ಪೂರ್ತಿ ತಿಂಗಳ ಬಿಲ್ ಕಳಿಸಿ, ವಸೂಲಿಗೆ ಹತ್ತು ದಿನ ಕಳೆಯುವವರೆಗೆ ಎಲ್ಲವೂ ಉಚಿತ. ಜೂನ್ 5ಕ್ಕೆ ಬಂದವರಿಗೆ ಅದು ಆಗಸ್ಟ್ 10. ಆಮೇಲೆ ದುಡ್ಡು ಕೊಡದಿದ್ದರೆ 15 ಮನೆಯವರೆಗೆ ಉಚಿತ. ತೆರೆಯ ಮೇಲೆ ‘ಟ್ರಯಲ್ ಆಗಸ್ಟ್ 10ರವರೆಗೆ’ ಎಂದು ತಾರೀಖನ್ನೇ ಬರೆಯಿರಿ. ‘ಇನ್ನು 66 ದಿನ’ ಎಂಬುದಕ್ಕಿಂತ ಅದು ನೆನಪಿನಲ್ಲಿ ಉಳಿಯುತ್ತದೆ.

ಗಡಿಯಾರ ಮತ್ತು ಮರು ಇನ್‌ಸ್ಟಾಲ್

ಮಿತಿ ಆರಿಸಿದ್ದಾಯಿತು, ಅದು ನಿಲ್ಲಬೇಕಲ್ಲ. ಆ್ಯಪ್ ತೆಗೆದು ಮತ್ತೆ ಹಾಕುವುದು ಎಲ್ಲರಿಗೂ ಗೊತ್ತಿರುವ ಉಪಾಯ. ಆಂಡ್ರಾಯ್ಡ್‌ನಲ್ಲಿ ಶುರುವಾದ ತಾರೀಖನ್ನು ಶೇರ್ಡ್ ಪ್ರಿಫರೆನ್ಸಸ್‌ನಲ್ಲಿ (ಫೋನಿನಲ್ಲೇ ಇರುವ ಆ್ಯಪ್‌ನ ಸಣ್ಣ ಸೆಟ್ಟಿಂಗ್ ಫೈಲ್) ಮಾತ್ರ ಇಟ್ಟರೆ ಆ್ಯಪ್ ತೆಗೆದಾಗ, ಅಥವಾ ಸೆಟ್ಟಿಂಗ್ಸ್‌ನಲ್ಲಿ ಡೇಟಾ ಕ್ಲಿಯರ್ ಮಾಡಿದಾಗ ಅದು ಹೋಗುತ್ತದೆ. ಪ್ರತಿ ಫೋನಿಗೂ ಬೇರೆಯಾಗಿರುವ ಐಎಂಇಐ ನಂಬರ್ ಓದೋಣವೆಂದರೆ ಆಂಡ್ರಾಯ್ಡ್ 10ರಿಂದ ಸಾಮಾನ್ಯ ಆ್ಯಪ್‌ಗಳಿಗೆ ಅದು ಸಿಗುವುದಿಲ್ಲ. ಉಳಿಯುವುದು ಆಂಡ್ರಾಯ್ಡ್ ಐಡಿ. ಆಂಡ್ರಾಯ್ಡ್ 8ರಿಂದ ಇದು ಆ್ಯಪ್‌ನ ಸಹಿ ಕೀ (ಮಾಡಿದವರು ಆ್ಯಪ್‌ಗೆ ಒತ್ತುವ ಡಿಜಿಟಲ್ ಮುದ್ರೆ), ಬಳಕೆದಾರ, ಸಾಧನ ಈ ಮೂರಕ್ಕೂ ಸೇರಿ ಒಂದೊಂದು ಇರುತ್ತದೆ. ಮರು ಇನ್‌ಸ್ಟಾಲ್ ಆದರೂ ಅದೇ ಉಳಿಯುತ್ತದೆ, ಫ್ಯಾಕ್ಟರಿ ರೀಸೆಟ್ ಮಾಡಿದರೆ ಬದಲಾಗುತ್ತದೆ. ಐಫೋನ್‌ನಲ್ಲಿ ಗುಟ್ಟಿನ ಮಾಹಿತಿ ಕಾಯುವ ಕೀಚೈನ್‌ನಲ್ಲಿಟ್ಟದ್ದು ಆ್ಯಪ್ ಅಳಿಸಿದರೂ ಸಾಮಾನ್ಯವಾಗಿ ಉಳಿಯುತ್ತದೆ. ಅದಕ್ಕಿಂತ ಗಟ್ಟಿಯಾದದ್ದು ಐಓಎಸ್ 11ರಲ್ಲಿ ಬಂದ ಡಿವೈಸ್‌ಚೆಕ್: ಪ್ರತಿ ಸಾಧನಕ್ಕೆ ಎರಡು ಬಿಟ್ ಮಾಹಿತಿಯನ್ನು ಆ್ಯಪಲ್ ತನ್ನ ಸರ್ವರ್‌ನಲ್ಲಿ ನಿಮ್ಮ ಪರವಾಗಿ ಇಟ್ಟುಕೊಳ್ಳುತ್ತದೆ. ‘ಈ ಫೋನ್ ಟ್ರಯಲ್ ಬಳಸಿದೆ’ ಎನ್ನಲು ಒಂದೇ ಬಿಟ್ ಸಾಕು.

ನಮ್ಮಲ್ಲಿ ಹೆಚ್ಚಿನ ಆ್ಯಪ್‌ಗಳು ಮೊಬೈಲ್ ನಂಬರ್ ಮತ್ತು ಓಟಿಪಿಯಿಂದಲೇ ಲಾಗಿನ್ ಕೊಡುತ್ತವೆ. ಟ್ರಯಲನ್ನು ನಂಬರ್‌ಗೆ ಕಟ್ಟುವುದು ಎಲ್ಲಕ್ಕಿಂತ ಸರಳ. ಎರಡು ಸಿಮ್ ಇರುವವರಿಗೆ ಎರಡು ಟ್ರಯಲ್ ಸಿಗುತ್ತದೆ, ಸಿಗಲಿ. ಹೊಸ ನಂಬರ್‌ಗೆ ಅರವತ್ತು ಮನೆಯನ್ನು ಮತ್ತೆ ತುಂಬಿಸಬೇಕಲ್ಲ, ಅದೇ ಸಾಕಷ್ಟು ದೊಡ್ಡ ಬೇಲಿ. ಡೇಟಾ ಕೂಡಿಡುವ ಆ್ಯಪ್‌ಗಳು ಮೋಸಕ್ಕೆ ಹೆದರುವ ಅಗತ್ಯ ಕಡಿಮೆ. ಒಂದೇ ಸಲ ಬಳಸಿ ಬಿಡುವ ಆ್ಯಪ್‌ಗಳೇ ಗಟ್ಟಿ ಬೀಗ ಹುಡುಕಬೇಕು.

ಫೋನಿನ ಗಡಿಯಾರ ಹಿಂದಿಡುವವರನ್ನು ತಡೆಯಲು ಸಮಯವನ್ನು ಸರ್ವರ್‌ನಿಂದ ತನ್ನಿ. ಮೊದಲ ಲಾಗಿನ್‌ನಲ್ಲಿ ಸರ್ವರ್ ಮುಕ್ತಾಯದ ತಾರೀಖು ಬರೆದು ತನ್ನ ಬಳಿ ಮಾತ್ರ ಇರುವ ಖಾಸಗಿ ಕೀಯಿಂದ ಸಹಿ ಮಾಡಿದ ಒಂದು ಟೋಕನ್ (ಚಿಕ್ಕ ಡಿಜಿಟಲ್ ಚೀಟಿ) ಕೊಡಲಿ. ಆ್ಯಪ್‌ನ ಒಳಗಿರುವ ಸಾರ್ವಜನಿಕ ಕೀಯಿಂದ ಅದನ್ನು ಪರೀಕ್ಷಿಸಿದರೆ ನೆಟ್‌ವರ್ಕ್ ಇಲ್ಲದ ಹಳ್ಳಿಯಲ್ಲೂ ಕೆಲಸ ನಡೆಯುತ್ತದೆ. ಜೊತೆಗೆ ಇದುವರೆಗೆ ಕಂಡ ಅತಿ ಮುಂದಿನ ಸಮಯವನ್ನು ಬರೆದಿಟ್ಟುಕೊಳ್ಳಿ. ಈಗಿನ ಗಡಿಯಾರ ಅದಕ್ಕಿಂತ ಒಂದು ದಿನಕ್ಕೂ ಹೆಚ್ಚು ಹಿಂದಿದ್ದರೆ ‘ಒಮ್ಮೆ ಇಂಟರ್‌ನೆಟ್ ಆನ್ ಮಾಡಿ’ ಎಂದು ಕೇಳಿ, ಅಷ್ಟೇ. ಬ್ಯಾಟರಿ ಪೂರ್ತಿ ಇಳಿದ ಹಳೆಯ ಫೋನ್ ತಾನಾಗಿಯೇ ಹಳೆಯ ತಾರೀಖಿಗೆ ಹೋಗುವುದುಂಟು. ಅದಕ್ಕೆ ಬಳಸುವವರನ್ನು ಕಳ್ಳರಂತೆ ಕಾಣಬಾರದು. ಫೋನ್ ಆನ್ ಆದಾಗಿನಿಂದ ಎಷ್ಟು ಹೊತ್ತಾಯಿತು ಎಂಬ ಸಿಸ್ಟಮ್ ಎಣಿಕೆಯೂ ಆಂಡ್ರಾಯ್ಡ್‌ನಲ್ಲಿ ಸಿಗುತ್ತದೆ. ತಾರೀಖು ತಿದ್ದಿದರೂ ಅದು ಬದಲಾಗದು, ರೀಸ್ಟಾರ್ಟ್ ಮಾಡಿದರೆ ಸೊನ್ನೆಯಿಂದ ಶುರುವಾಗುತ್ತದೆ.

ಒಂದು ಸಣ್ಣ ಅಂಶ ದೊಡ್ಡ ಗದ್ದಲ ಎಬ್ಬಿಸುತ್ತದೆ. ಸರ್ವರ್ ಸಮಯ ಸಾಮಾನ್ಯವಾಗಿ ಯುಟಿಸಿ, ಅಂದರೆ ಜಗತ್ತಿಗೆಲ್ಲ ಒಂದೇ ಆದ ಆಧಾರ ಸಮಯ. ಅಲ್ಲಿ ನಡುರಾತ್ರಿ ಆದಾಗ ನಮ್ಮಲ್ಲಿ ಬೆಳಗ್ಗೆ ಐದೂವರೆ. ಟ್ರಯಲ್ ನಡುರಾತ್ರಿ ಮುಗಿಯಲಿ ಎಂದು ಯೋಚಿಸದೆ ಬರೆದ ಕೋಡ್, ಹಾಲಿನವರು ಮೂವತ್ತನೇ ಮನೆಯ ಗೇಟಿನ ಮುಂದೆ ಕ್ಯಾನ್ ಹಿಡಿದು ನಿಂತಿರುವಾಗ ಆ್ಯಪನ್ನು ಮುಚ್ಚಿಬಿಡುತ್ತದೆ. ಮುಕ್ತಾಯದ ಹೊತ್ತನ್ನು ಭಾರತೀಯ ಸಮಯದಲ್ಲಿ, ಕೆಲಸ ಬಿಡುವಾಗಿರುವ ಗಂಟೆಗೆ ಇಡಿ. ಈ ಆ್ಯಪ್‌ಗಾದರೆ ಮಧ್ಯಾಹ್ನ ಎರಡು ಗಂಟೆ.

ಸ್ಟೋರ್ ಮತ್ತು ಹಣದ ನಿಯಮ

ಆ್ಯಪಲ್‌ನ ಆ್ಯಪ್ ಸ್ಟೋರ್‌ನಲ್ಲಿ ಚಂದಾ ಇಲ್ಲದ, ಒಂದೇ ಸಲ ಕೊಳ್ಳುವ ಆ್ಯಪ್‌ಗೂ ದಿನದ ಟ್ರಯಲ್ ಕೊಡಬಹುದು. ಅದಕ್ಕೆ ಶೂನ್ಯ ಬೆಲೆಯ ಒಂದು ಇನ್-ಆ್ಯಪ್ ಖರೀದಿ ಮಾಡಿ, ‘14 ದಿನದ ಟ್ರಯಲ್’ ಎಂಬ ಮಾದರಿಯ ಹೆಸರು ಕೊಡಬೇಕು. ಶುರುವಾಗುವ ಮುನ್ನವೇ ಅವಧಿ ಎಷ್ಟು, ಮುಗಿದ ಮೇಲೆ ಏನೇನು ಸಿಗುವುದಿಲ್ಲ, ಎಷ್ಟು ದುಡ್ಡು ಎಂದು ತಿಳಿಸಬೇಕು. ಗೂಗಲ್ ಪ್ಲೇಯಲ್ಲಿ ಹಣ ಕೊಟ್ಟು ಇಳಿಸಿಕೊಳ್ಳುವ ಆ್ಯಪ್‌ಗೆ ಟ್ರಯಲ್ ಎಂಬ ವ್ಯವಸ್ಥೆ ಇಲ್ಲ. ಆ್ಯಪನ್ನು ಉಚಿತವಾಗಿಟ್ಟು ಒಳಗೆ ಖರೀದಿ ಇಡಬೇಕು. ಒಮ್ಮೆ ಉಚಿತ ಎಂದು ಬಿಟ್ಟ ಆ್ಯಪನ್ನು ಮತ್ತೆ ಪಾವತಿಯ ಆ್ಯಪ್ ಮಾಡಲು ಪ್ಲೇ ಬಿಡುವುದಿಲ್ಲ ಎಂಬುದನ್ನು ಮೊದಲ ದಿನವೇ ನೆನಪಿಡಿ.

ಎರಡೂ ಸ್ಟೋರ್‌ಗಳ ಚಂದಾ ಟ್ರಯಲ್‌ಗೆ ಶುರುವಿನಲ್ಲೇ ಪಾವತಿ ವಿಧಾನ ಬೇಕು, ಅವಧಿ ಮುಗಿದಾಗ ಹಣ ತಾನಾಗಿ ಹೋಗುತ್ತದೆ. ಹಾಲಿನವರನ್ನು ಮೊದಲ ದಿನವೇ ಯುಪಿಐ ಆಟೋಪೇಗೆ ಒಪ್ಪಿಗೆ ಕೇಳಿದರೆ ಬಹುಪಾಲು ಜನ ಅಲ್ಲೇ ಹಿಂದೆ ಸರಿಯುತ್ತಾರೆ. ಸಣ್ಣ ವ್ಯಾಪಾರಿಗಳ ಆ್ಯಪ್‌ಗೆ ಟ್ರಯಲನ್ನು ನಿಮ್ಮ ಸರ್ವರ್‌ನಲ್ಲೇ ನಡೆಸಿ, ಮುಗಿದ ಮೇಲೆ ಖರೀದಿಯ ಪರದೆ ತೋರಿಸುವುದು ಮೇಲು. ಕಾನೂನಿನ ಕಡೆಯಿಂದಲೂ ಇದು ಸುರಕ್ಷಿತ. ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2023ರ ನವೆಂಬರ್ 30ಕ್ಕೆ ಹೊರಡಿಸಿದ ಡಾರ್ಕ್ ಪ್ಯಾಟರ್ನ್ ಮಾರ್ಗಸೂಚಿ 13 ಬಗೆಯ ಮೋಸದ ವಿನ್ಯಾಸಗಳನ್ನು ಹೆಸರಿಸುತ್ತದೆ. ಉಚಿತ ಚಂದಾಕ್ಕೆ ಪಾವತಿ ವಿವರ ಅಥವಾ ಆಟೋ ಡೆಬಿಟ್ ಒಪ್ಪಿಗೆ ಕೊಡಲೇಬೇಕೆಂದು ಒತ್ತಾಯಿಸುವುದನ್ನು ಅದು ಚಂದಾ ಬಲೆ ಎನ್ನುತ್ತದೆ. ಪದೇ ಪದೇ ಪೀಡಿಸುವ ಸಂದೇಶಗಳೂ, ಇಲ್ಲದ ಅವಸರ ಹುಟ್ಟಿಸುವುದೂ ಅದೇ ಪಟ್ಟಿಯಲ್ಲಿವೆ. ಹಾಗಾಗಿ ನೆನಪಿಸುವ ಸಂದೇಶ ಏಳು ದಿನ ಮೊದಲು ಒಂದು, ಹಿಂದಿನ ದಿನ ಒಂದು, ಅಷ್ಟು ಸಾಕು.

ಆಟೋಪೇ ಒಪ್ಪಿಗೆ ಪಡೆದರೂ ರಿಸರ್ವ್ ಬ್ಯಾಂಕ್ ನಿಯಮದಂತೆ ಪ್ರತಿ ಕಡಿತಕ್ಕೂ ಕನಿಷ್ಠ 24 ಗಂಟೆ ಮೊದಲು ಗ್ರಾಹಕರಿಗೆ ಸೂಚನೆ ಹೋಗುತ್ತದೆ. ಟ್ರಯಲ್ ಮುಗಿಯುವುದನ್ನು ನೀವು ಹೇಳದಿದ್ದರೂ ಬ್ಯಾಂಕ್ ಹೇಳುತ್ತದೆ. ಬ್ಯಾಂಕಿನ ಎಸ್‌ಎಂಎಸ್‌ನಿಂದ ಮೊದಲ ಸಲ ತಿಳಿದವರು ಗಾಬರಿಯಾಗಿ ರದ್ದು ಮಾಡುತ್ತಾರೆ.

ಮುಗಿದ ಮರುದಿನ

ಟ್ರಯಲ್ ಮುಗಿದ ಮರುದಿನ ಆ್ಯಪ್ ತೆರೆದಾಗ ಹಳೆಯ ಲೆಕ್ಕ ಕಾಣಬೇಕು, ಎಕ್ಸೆಲ್ ಅಥವಾ ಪಿಡಿಎಫ್ ಆಗಿ ತೆಗೆದುಕೊಳ್ಳಲು ಬರಬೇಕು. ಹೊಸದನ್ನು ಬರೆಯುವುದಕ್ಕೆ ಮಾತ್ರ ತಡೆ. ಟಿಪ್ಪಣಿ ಬರೆದಿಡುವ ಆ್ಯಪ್ ಎವರ್‌ನೋಟ್ 2023ರ ಡಿಸೆಂಬರ್‌ನಲ್ಲಿ ಉಚಿತ ಖಾತೆಗಳನ್ನು 50 ಟಿಪ್ಪಣಿ, ಒಂದು ನೋಟ್‌ಬುಕ್‌ಗೆ ಇಳಿಸಿದಾಗ ಜನರಿಗೆ ಕೋಪ ಬಂತು. ಆದರೂ ಅದಕ್ಕಿಂತ ಹೆಚ್ಚು ಟಿಪ್ಪಣಿ ಇದ್ದವರಿಗೆ ಹಳೆಯದನ್ನು ಓದಲು, ತಿದ್ದಲು, ಹೊರಗೆ ತೆಗೆಯಲು ಅವಕಾಶ ಉಳಿಸಿದ್ದರು. ಬಾಕಿ ಯಾರದು ಎಷ್ಟು ಎಂಬ ಲೆಕ್ಕ ಹಾಲಿನವರದು. ಅದನ್ನು ಬೀಗದ ಹಿಂದೆ ಇಟ್ಟು 999 ರೂಪಾಯಿ ಕೇಳಿದರೆ ಅದು ವ್ಯಾಪಾರವಲ್ಲ, ಒತ್ತೆ.

ಮಿತಿ ಸರಿಯಾಗಿದೆಯೇ ಎಂದು ತಿಳಿಯಲು ನಾಲ್ಕು ಗುರುತು ಸಾಕು: ಮೊದಲ ಮನೆ ಸೇರಿಸಿದ್ದು, ಇಪ್ಪತ್ತನೇ ಮನೆ ಸೇರಿಸಿದ್ದು, ಮೊದಲ ಬಿಲ್ ಕಳಿಸಿದ್ದು, ಹಣ ಕೊಟ್ಟದ್ದು. ಇಪ್ಪತ್ತನೇ ಮನೆಯ ಮೊದಲೇ ಜನ ಬಿಡುತ್ತಿದ್ದರೆ ತಪ್ಪು ಮಿತಿಯದಲ್ಲ, ತುಂಬಿಸುವ ಕಷ್ಟದ್ದು. ಬಿಲ್ ಕಳಿಸಿಯೂ ಕೊಳ್ಳದಿದ್ದರೆ ಬೆಲೆಯನ್ನೋ ಉಚಿತ 15 ಮನೆಯನ್ನೋ ನೋಡಬೇಕು. ಎರಡು ಮಿತಿಗಳನ್ನು ಹೋಲಿಸುವಾಗ ಸಂಖ್ಯೆ ಚಿಕ್ಕದಿದ್ದರೆ ಮೋಸ ಹೋಗುತ್ತೀರಿ. ಸಾವಿರ ಜನರಲ್ಲಿ ಒಂದು ಕಡೆ 40, ಇನ್ನೊಂದು ಕಡೆ 46 ಜನ ಕೊಂಡರೆ ಅದು ಬರೀ ಆಕಸ್ಮಿಕ ಆಗಿರಬಹುದು. ಶೇ. 4 ಮತ್ತು ಶೇ. 5ರ ನಡುವಿನ ವ್ಯತ್ಯಾಸವನ್ನು ಭರವಸೆಯಿಂದ ಗುರುತಿಸಲು ಪ್ರತಿ ಗುಂಪಿನಲ್ಲಿ ಸುಮಾರು 6,700 ಜನ ಬೇಕು. ಅಷ್ಟು ಜನ ಇಲ್ಲದ ಆ್ಯಪ್‌ಗೆ ಹೋಲಿಕೆಗಿಂತ ಬಿಟ್ಟುಹೋದ ಹತ್ತು ಜನರಿಗೆ ಫೋನ್ ಮಾಡಿ ಕೇಳುವುದು ಹೆಚ್ಚು ಕಲಿಸುತ್ತದೆ.

ಹೊಸ ಮಿತಿ ಹಾಕುವಾಗ ಅದು ಹೊಸಬರಿಗೆ ಮಾತ್ರ ಇರಲಿ. ಆಗಸ್ಟ್ 10 ಎಂದು ತೆರೆಯ ಮೇಲೆ ಓದಿದವರಿಗೆ ಆಗಸ್ಟ್ 10ರವರೆಗೂ ಆ್ಯಪ್ ಪೂರ್ತಿ ನಡೆಯಬೇಕು. ಅದಕ್ಕೆಂದೇ ಪ್ರತಿ ಖಾತೆಯ ಜೊತೆ ಅದು ಯಾವ ಮಿತಿಯಡಿ ಶುರುವಾಯಿತು ಎಂಬ ಒಂದು ಸಂಖ್ಯೆಯನ್ನು ಮೊದಲ ದಿನದಿಂದಲೇ ಸರ್ವರ್‌ನಲ್ಲಿ ಬರೆದಿಡಿ.